ಮನೆಮಾತಾದ ಬಲ್ಲಕ್ಕ

ವಾರಪತ್ರಿಕೆಯ ಕಚೇರಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಆಕೆ ಅಲ್ಲಿಗೆ ಸೇರಿದ್ದು ಕರಡು ತಿದ್ದುವ ಕೆಲಸಕ್ಕೆ. ಅಚ್ಚಿನ ಯಂತ್ರಗಳ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಕಿಟಕಿ ತೆರೆದರೆ ಮಸಿಯ ವಾಸನೆ, ಮುಚ್ಚಿದರೆ ಸಂಪಾದಕರ ಸಿಗರೇಟಿನ ವಾಸನೆ. ಅಲ್ಲಿ ಕೂತು ಬೇರೆಯವರು ಬರೆದದ್ದರಲ್ಲಿ ಒತ್ತು, ದೀರ್ಘ ಸರಿಮಾಡುವುದು ಆಕೆಯ ಪಾಲಿಗೆ ಬಂದ ಕೆಲಸ. ಒಮ್ಮೆ ಗ್ರಹಣದ ಮೇಲೆ ಲೇಖನ ಕೊಡುತ್ತೇನೆಂದಿದ್ದ ಕಾಲೇಜಿನ ಮೇಷ್ಟರು ಕೊನೆಯ ಗಳಿಗೆಯಲ್ಲಿ ಕೈಕೊಟ್ಟರು. ಮುಖಪುಟದಲ್ಲಿ ಕಪ್ಪು ಸೂರ್ಯನ ಚಿತ್ರ ಅಚ್ಚಾಗಿಬಿಟ್ಟಿದೆ, ಒಳಗೆ ಲೇಖನವೇ ಇಲ್ಲ. ಸಂಪಾದಕರು ಬಾಗಿಲಲ್ಲಿ ನಿಂತು, ಗ್ರಹಣದ ವಿಷಯ ಇಲ್ಲಿ ಯಾರಾದರೂ ಬಲ್ಲಿರಾ ಎಂದು ಕೇಳಿದರು. ಕೋಣೆಗೆ ಕೋಣೆಯೇ ತಲೆ ತಗ್ಗಿಸಿತು. ಈಕೆ ಮಾತ್ರ ಕೆಂಪು ಪೆನ್ನನ್ನು ಕೆಳಗಿಟ್ಟು, 'ಬರೆಯೋಷ್ಟು ಬಲ್ಲೆ' ಎಂದಳು.

ಅಂದಿನಿಂದ ಆಕೆ ಬಲ್ಲಕ್ಕ. ಮೊದಮೊದಲು ಅದರಲ್ಲಿ ಗೇಲಿಯೇ ಹೆಚ್ಚಿತ್ತು. ಆಮೇಲೆ ಅದೇ ಹೆಸರು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರತೊಡಗಿತು. ಜೇನುಹುಳು ದಾರಿ ಹೇಗೆ ಕಂಡುಹಿಡಿಯುತ್ತದೆ, ರಕ್ತದೊತ್ತಡ ಅಂದರೇನು, ಕಬ್ಬಿಣ ಯಾಕೆ ತುಕ್ಕು ಹಿಡಿಯುತ್ತದೆ, ಹೊಸ ನಾಟಕ ನೋಡುವಂತಿದೆಯೇ, ಊರಿಗೆ ಬಂದ ಶಿಲ್ಪಪ್ರದರ್ಶನದಲ್ಲಿ ಏನಿದೆ, ಮೊಲೆಹಾಲು ಬಿಡಿಸಿದ ಮಗುವಿನ ರಚ್ಚೆಗೆ ಏನು ಮಾಡಬೇಕು — ಯಾವುದೂ ಆಕೆಗೆ ಆಗದ ವಿಷಯವಲ್ಲ. ಪಂಡಿತೆಯೇನೂ ಅಲ್ಲ. ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕಳೆಯುವಳು, ಬಲ್ಲವರಿಬ್ಬರನ್ನು ಹಿಡಿದು ತಲೆ ತಿನ್ನುವಳು, ಒಂದು ಪುಟಕ್ಕೆ ಬೇಕಾದಷ್ಟನ್ನು ತುಂಬಿಕೊಳ್ಳುವಳು. ಅಚ್ಚಾದ ಮೇಲೆ ಅದನ್ನೆಲ್ಲ ಮರೆತೂಬಿಡುವಳು. ಆದರೆ ಬರೆಯುವಾಗ ಓದುಗರ ಪಕ್ಕದಲ್ಲೇ ಕೂತು ಹರಟುವಂತೆ ಬರೆಯುತ್ತಿದ್ದಳು. ಹಾಗೆ ಬರೆಯುವುದು ಆಕೆಗೆ ನೀರು ಕುಡಿದಷ್ಟು ಸುಲಭ. ಆ ಸುಲಭವೇ ಮುಂದೆ ಆಕೆಯ ಮನೆ ಮುರಿಯಿತು.

'ನಮ್ಮನೇಲಿ' ಎಂಬ ಅಂಕಣ ಶುರುವಾದದ್ದು ಮಗಳು ಮಾತು ಕಲಿಯುವ ಹೊತ್ತಿಗೆ. ಅಂಬೆಗಾಲಿಡುವ ಕೂಸು ದಿನವಿಡೀ ವಟವಟ ಅನ್ನುತ್ತಿತ್ತು. ಬಲ್ಲಕ್ಕ ಅದಕ್ಕೆ ಅಂಕಣದಲ್ಲಿ 'ನಮ್ಮ ಗಿಣಿ' ಎಂದು ಹೆಸರಿಟ್ಟಳು. ಗಂಡ 'ನಮ್ಮ ಯಜಮಾನರು'. ಯಜಮಾನರು ಎಲ್ಲಿ ಹೋದರೂ ಕೊಡೆ ಮರೆತು ಬರುವವರು. ಬಸ್ಸಿನಲ್ಲಿ ಮರೆತ ಕೊಡೆ, ಕ್ಷೌರದಂಗಡಿಯಲ್ಲಿ ಬಿಟ್ಟ ಕೊಡೆ, ಇನ್ನೊಬ್ಬರ ಕೊಡೆಯನ್ನು ತನ್ನದೆಂದು ತಂದು ಆಮೇಲೆ ಅದನ್ನೂ ಕಳೆದ ಕಥೆ. ಜನ ಬಿದ್ದು ಬಿದ್ದು ನಕ್ಕರು. ಗಂಡ ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆಯುವವನು. ಕೂದಲೆಳೆಯಷ್ಟು ಗೆರೆ ಆಚೀಚೆ ಆದರೆ ಹಾಳೆಯನ್ನೇ ಹರಿದು ಹೊಸದಾಗಿ ಶುರುಮಾಡುವ ಆಸಾಮಿ. ಅಂಥವನನ್ನು ಕಚೇರಿಯಲ್ಲಿ 'ಕೊಡೆರಾಯ' ಎಂದು ಕರೆಯತೊಡಗಿದರು. ಅವನೂ ನಗುತ್ತಿದ್ದ. ನಗುತ್ತಾನೆಂದರೆ ಒಪ್ಪಿಗೆಯಿದೆ ಎಂದೇ ಬಲ್ಲಕ್ಕ ತಿಳಿದಳು.

ಮಗಳಿಗೆ ಶಾಲೆಗೆ ಸೇರಿದ ಮೇಲೆ ಉಗ್ಗು ಬಂತು. ಎಲ್ಲ ಅಕ್ಷರಕ್ಕೂ ಅಲ್ಲ. ಕೆಲವು ಅಕ್ಷರಗಳ ಹೊಸ್ತಿಲಲ್ಲಿ ಮಾತು ಎಡವಿ ನಿಂತುಬಿಡುತ್ತಿತ್ತು, 'ಸ' ಬಂದರಂತೂ ಮುಗಿಯಿತು. ದೊಡ್ಡವಳಾಗುತ್ತಿದ್ದಂತೆ ಅವಳೇ ಉಪಾಯ ಕಂಡುಕೊಂಡಳು. ಎಡವುವ ಪದ ಎದುರಿಗೆ ಬರುತ್ತಿದೆ ಎಂದು ಗೊತ್ತಾದೊಡನೆ ಬಳಸುದಾರಿ ಹಿಡಿದು ಬೇರೆ ಪದ ಹೇಳುವಳು. ಒಂದು ಸಂಜೆ ನೆಂಟರು ಬಂದಿದ್ದರು, ಚಹಾಕ್ಕೆ ಸಕ್ಕರೆ ಇರಲಿಲ್ಲ. ಬಲ್ಲಕ್ಕ ಮಗಳನ್ನು ಮೂಲೆಯ ಅಂಗಡಿಗೆ ಓಡಿಸಿದಳು. ಹುಡುಗಿ ಉಪ್ಪು ತಂದಳು. ನೆಂಟರೆದುರೇ ಬಲ್ಲಕ್ಕ ರೇಗಿದಳು: ಕಿವಿ ಎಲ್ಲಿಟ್ಟಿದ್ದೆ, ತಲೆಯಲ್ಲಿ ಏನು ತುಂಬಿದೆ. ಹುಡುಗಿ ಉಪ್ಪಿನ ಪೊಟ್ಟಣ ಹಿಡಿದು ನಿಂತೇ ಇದ್ದಳು. ನೆಂಟರು ಹೋದ ಮೇಲೆ, ಪಾತ್ರೆ ತೊಳೆಯುತ್ತಿರುವಾಗ, ಬಲ್ಲಕ್ಕನಿಗೆ ಹೊಳೆಯಿತು. ಅಂಗಡಿಯವನ ಮುಂದೆ ಮಗಳಿಗೆ 'ಸಕ್ಕರೆ' ಎನ್ನಲು ಆಗಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. 'ಉಪ್ಪು' ಬಾಯಿಂದ ಸಲೀಸಾಗಿ ಬಂತು, ಅದನ್ನೇ ಕೇಳಿ ತಂದಳು, ಬೈಸಿಕೊಳ್ಳುತ್ತೇನೆಂದು ಗೊತ್ತಿದ್ದೂ.

ಬಲ್ಲಕ್ಕ ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡಳು, ಸೋಪಿನ ನೊರೆ ಕಣ್ಣಿಗೇ ಹತ್ತಿ ಇನ್ನಷ್ಟು ಉರಿಯಿತು. ಹೋಗಿ ಮಗಳನ್ನು ತಬ್ಬಿಕೊಂಡಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ವಾರದ ಅಂಕಣ ಇನ್ನೂ ಬಾಕಿಯಿತ್ತು, ಮತ್ತು ಇದಕ್ಕಿಂತ ಒಳ್ಳೆಯ ಅಂಕಣ ತನ್ನ ಜನ್ಮದಲ್ಲಿ ಸಿಕ್ಕುವುದಿಲ್ಲವೆಂದು ತಬ್ಬಿಕೊಂಡಾಗಲೇ ಆಕೆಗೆ ಗೊತ್ತಾಗಿತ್ತು.

ನಿಜಕ್ಕೂ ಅದು ಒಳ್ಳೆಯ ಬರಹ. ತನ್ನನ್ನು ತಾನೇ ಬೈದುಕೊಂಡಿದ್ದಳು. ಧ್ವನಿಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ, ಉಗ್ಗು ದಡ್ಡತನವಲ್ಲ ಏಕೆ ಎಂಬುದನ್ನೂ ಹಗುರವಾಗಿ ಸೇರಿಸಿದ್ದಳು. ಸಂಪಾದಕರು ಓದಿ, ಕನ್ನಡಕ ತೆಗೆದು, ಒಂದು ಸಿಗರೇಟು ಹಚ್ಚಿದರು. ಓದಿದವರು ದಾರಿಯಲ್ಲಿ ತಡೆದು ಮಾತಾಡಿಸಿದರು. ಮಕ್ಕಳನ್ನು ಹೊಡೆಯುವುದು ಬಿಟ್ಟೆವೆಂದು ತಾಯಂದಿರು ಕಚೇರಿಗೇ ಬಂದು ಹೇಳಿದರು. ಬಲ್ಲಕ್ಕ ಮನೆಮಾತಾದಳು.

ಮಗಳ ತರಗತಿಯವರ ಮನೆಗಳಿಗೂ ಆ ಪತ್ರಿಕೆ ಹೋಗುತ್ತಿತ್ತು. ಮರುದಿನ ಅವಳ ಡೆಸ್ಕಿನ ಮೇಲೆ ಯಾರೋ ಉಪ್ಪು ಸುರಿದಿದ್ದರು. ಆಮೇಲೆ ಅದೊಂದು ಆಟವಾಯಿತು. 'ಏನೇ ಗಿಣಿ, ಸಕ್ಕರೆ ಬೇಕಾ? ಕೇಳು, ಕೊಡ್ತೀವಿ' ಎಂದು ಸುತ್ತ ನಿಂತು ಕಾಯುವುದು. ಅವಳ ಬಾಯಿ ಒದ್ದಾಡುವುದನ್ನು ನೋಡುವುದು. ಇದೊಂದನ್ನೂ ಅವಳು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದು ಒಂದೇ ಮಾತು, ಊಟದ ಮೇಜಿನಲ್ಲಿ, ತಟ್ಟೆಯಿಂದ ಕಣ್ಣೆತ್ತದೆ, ಎಡವುತ್ತ ತಡವರಿಸುತ್ತ: 'ಅಮ್ಮ, ಇನ್ಮೇಲೆ ನನ್ನ ವಿಷಯ ಬರೀಬೇಡ.'

ಬರೆಯುವುದಿಲ್ಲ ಎಂದಳು ಬಲ್ಲಕ್ಕ. ಕೆಲವು ತಿಂಗಳು ಬರೆಯಲೂ ಇಲ್ಲ. ಸೊಳ್ಳೆ, ಚಂದ್ರ, ಚಿತ್ರಕಲೆ, ಯಜಮಾನರ ಕೊಡೆ ಎಂದು ದಿನ ತಳ್ಳಿದಳು. ಆದರೆ ಓದುಗರು ಬಿಡಬೇಕಲ್ಲ. ಗಿಣಿ ಹೇಗಿದ್ದಾಳೆ, ಗಿಣಿಯ ಮಾತು ಸರಿಹೋಯಿತೇ ಎಂದು ಎಲ್ಲರದೂ ಒಂದೇ ರಾಗ. ಸಂಪಾದಕರೂ ಕೆಮ್ಮಿ, ಜನ ಕೇಳ್ತಾರಮ್ಮ ಎಂದರು. ಬಲ್ಲಕ್ಕ ಒಂದು ದಾರಿ ಕಂಡುಕೊಂಡಳು: ಮಗಳ ಸಂಗತಿಯನ್ನೇ 'ಪಕ್ಕದ ಮನೆಯ ಹುಡುಗಿ'ಯದೆಂದು ಬರೆದಳು. ಪಕ್ಕದ ಮನೆಯಲ್ಲಿದ್ದುದು ಒಬ್ಬ ಮುದುಕ, ಅವನ ಬೆಕ್ಕು. ಇದು ಬೀದಿಗೆಲ್ಲ ಗೊತ್ತು, ಶಾಲೆಗೂ ಗೊತ್ತು. ಆ ಅಂಕಣ ಬಂದ ಮೇಲೆ ಮಗಳು ತಾಯಿಯ ಎದುರು ಹೂಂ, ಉಹೂಂ ಬಿಟ್ಟರೆ ಬೇರೇನನ್ನೂ ಆಡಲಿಲ್ಲ. ತಾಯಿ ಕೋಣೆಗೆ ಬಂದರೆ ಅಪ್ಪ ಮಗಳ ಮಾತು ನಿಲ್ಲುತ್ತಿತ್ತು. ಹರೆಯದ ಹುಡುಗಿಯರೇ ಹೀಗೆ ಎಂದುಕೊಂಡಳು ಬಲ್ಲಕ್ಕ. ಹರೆಯದ ಮಕ್ಕಳ ಮೌನದ ಬಗ್ಗೆ ತಾಯಂದಿರಿಗೆ ಸಲಹೆಯ ಲೇಖನವೊಂದನ್ನೂ ಬರೆದಳು.

ಆ ದಿನಗಳಲ್ಲಿ ಪತ್ರಿಕೆಯ ಸಂಗೀತ ವಿಮರ್ಶೆಯೂ ಆಕೆಯದೇ. ಸಭಾಂಗಣದ ಮುಂದಿನ ಸಾಲಿನಲ್ಲಿ ಆಕೆಗೊಂದು ಕುರ್ಚಿ ಮೀಸಲು. ಒಮ್ಮೆ ವಿರಾಮದಲ್ಲಿ ಊರಿನ ಹೆಸರಾಂತ ಸಂಗೀತದ ಟೀಚರ್ ಹತ್ತಿರ ಬಂದು ಕೈ ಹಿಡಿದುಕೊಂಡರು. ಇಂಥ ಕಂಠವನ್ನು ತಾನು ಈಚೆಗೆ ಕೇಳಿಲ್ಲ, ಇನ್ನೊಂದೆರಡು ವರ್ಷ ಹೀಗೇ ದುಡಿದರೆ ವೇದಿಕೆ ಹತ್ತಬಹುದು ಎಂದರು. ಯಾರದು ಎಂದು ಕೇಳಿದಳು ಬಲ್ಲಕ್ಕ. ಟೀಚರ್ ನಕ್ಕರು, ತಮಾಷೆ ಮಾಡುತ್ತಿದ್ದಾಳೆಂದು ತಿಳಿದರು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದರು.

ಮಗಳು ಹಾಡುವಾಗ ಉಗ್ಗುತ್ತಿರಲಿಲ್ಲ. ಉಗ್ಗುವ ಅನೇಕರು ಹಾಡುವಾಗ ಉಗ್ಗುವುದಿಲ್ಲವೆಂದು ಬಲ್ಲಕ್ಕ ತಾನೇ ಒಂದು ಲೇಖನದಲ್ಲಿ ಬರೆದಿದ್ದಳು. ತನ್ನ ಮನೆಯೊಳಗೆ ಅದನ್ನು ನೋಡಬೇಕೆಂದು ಹೊಳೆದಿರಲಿಲ್ಲ. ಅಪ್ಪ ಮಗಳು ವಾರಕ್ಕೆ ಎರಡು ಸಂಜೆ ಗಣಿತದ ಪಾಠಕ್ಕೆಂದು ಹೇಳಿ ಹೋಗುತ್ತಿದ್ದುದು ಸಂಗೀತದ ಮನೆಗೆ. ವರ್ಷಗಳಿಂದ ನಡೆದಿತ್ತು. ಊರಿಗೆಲ್ಲ ಗೊತ್ತಿದ್ದದ್ದು, ಊರಿನ ಸಂಗೀತದ ಬಗ್ಗೆ ತೀರ್ಪು ಕೊಡುವವಳಿಗೆ ಗೊತ್ತಿರಲಿಲ್ಲ.

ಆಕೆ ಮನೆಗೆ ಬಂದು ಚಪ್ಪಲಿಯನ್ನೂ ಕಳಚದೆ ಗಂಡನ ಮುಂದೆ ನಿಂತಳು. ಅವನು ಮೇಜಿನ ಮೇಲೆ ಹಾಳೆ ಹರಡಿಕೊಂಡು ಪೆನ್ಸಿಲು ಚೂಪು ಮಾಡುತ್ತಿದ್ದ.

'ನನ್ನಿಂದ ಯಾಕೆ ಮುಚ್ಚಿಟ್ರಿ?'

'ಹೇಳಿದ್ರೆ ಮುಂದಿನ ವಾರ ಪತ್ರಿಕೇಲಿ ಓದ್ತಿದ್ವಿ.'

'ನಾನೇನು ಶತ್ರುನಾ?'

ಅವನು ಪೆನ್ಸಿಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ. 'ನಾನು ಜೀವಮಾನದಲ್ಲಿ ಕಳ್ಕೊಂಡಿದ್ದು ಒಂದೇ ಕೊಡೆ,' ಎಂದ. 'ಅದೂ ನಿನ್ನ ತಮ್ಮ ತಗೊಂಡು ಹೋಗಿದ್ದು. ಮೊನ್ನೆ ಹೊಸ ಬಡಾವಣೆಯ ನಕ್ಷೆನ ನನಗೆ ಕೊಡಲಿಲ್ಲ. ಕೊಡೆರಾಯನಿಗೆ ಕೊಟ್ರೆ ರಸ್ತೇನೇ ಎಲ್ಲಾದ್ರೂ ಮರ್ತುಬಿಡ್ತಾನೆ ಅಂದ್ರಂತೆ ಸಾಹೇಬ್ರು. ಎಲ್ರೂ ನಕ್ರು. ನಾನೂ ನಕ್ಕೆ.'

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದಳು ಬಲ್ಲಕ್ಕ. ಕೇಳಲಿಲ್ಲ. ಉತ್ತರ ಆಗಲೇ ಬಂದಿತ್ತು. ಆದರೆ ಅವಳಿಗೆ ಮೊದಲು ಆದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಮನೆಯ ಬಾಡಿಗೆ, ಮಗಳ ಶಾಲೆ, ಆ ಸಂಗೀತದ ಪಾಠ, ಎಲ್ಲದರಲ್ಲೂ ತನ್ನ ಅಂಕಣದ ಪಾಲಿಲ್ಲವೇ? ತಿನ್ನುವಾಗ ಯಾರಿಗೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲವಲ್ಲ. ಇದನ್ನೆಲ್ಲ ಅಂದೂಬಿಟ್ಟಳು. ಗಂಡ ಹೌದು ಎಂದು ತಲೆಯಾಡಿಸಿ ಗೆರೆ ಎಳೆಯಲು ಬಗ್ಗಿದ.

ಮರುವಾರ ಆಕೆ ಅಂಕಣ ಬಿಟ್ಟಳು. ಸಂಪಾದಕರು ಗೋಗರೆದರು, ಆಮೇಲೆ ಮುನಿಸಿಕೊಂಡರು, ಆಮೇಲೆ ಅದನ್ನು ಉಪಸಂಪಾದಕನಿಗೆ ಒಪ್ಪಿಸಿದರು. ಅವನು ಬ್ರಹ್ಮಚಾರಿ. ಇಲ್ಲದ ಹೆಂಡತಿಯ ಮೇಲೆ ನಗೆಹನಿ ಬರೆಯತೊಡಗಿದ, ಅದೂ ನಡೆಯಿತು. ಬಲ್ಲಕ್ಕ ವಿಜ್ಞಾನ ಮತ್ತು ಕಲೆಯ ಪುಟಗಳನ್ನು ಮಾತ್ರ ಉಳಿಸಿಕೊಂಡಳು. ಮಗಳು ಸಂಗೀತ ಶಾಲೆಗೆ ಸೇರಿದಳು, ಶಾಲೆಯ ಹಿಂದಿನ ಬೀದಿಯಲ್ಲಿ ಕೋಣೆ ಹಿಡಿದಳು. ತಾನು ಹಾಡುವಲ್ಲಿಗೆ ಬರಬೇಡವೆಂದು ಅಪ್ಪನ ಬಾಯಲ್ಲಿ ಹೇಳಿಕಳಿಸಿದ್ದಳು. ಬಲ್ಲಕ್ಕ ಹೋಗಲಿಲ್ಲ. ಮೀಸಲು ಕುರ್ಚಿಯಲ್ಲಿ ಕೂತು ಬೇರೆಯವರ ಮಕ್ಕಳ ಹಾಡು ಕೇಳಿದಳು, ಅವರ ಬಗ್ಗೆ ಒಳ್ಳೆಯ ಮಾತು ಬರೆದಳು. ಆ ಮಕ್ಕಳ ತಾಯಂದಿರು ಬಂದು ಕೈ ಹಿಡಿದುಕೊಂಡಾಗ ಮೆಲ್ಲಗೆ ಬಿಡಿಸಿಕೊಂಡು ಹೊರಟುಬಿಡುತ್ತಿದ್ದಳು.

ಕೊನೆಗೆ ಮಗಳು ದೊಡ್ಡ ಸಭಾಂಗಣದಲ್ಲಿ ಹಾಡುವ ದಿನ ಬಂತು. ಬೀದಿಯ ಗೋಡೆಗಳ ಮೇಲೆ ಅವಳ ಹೆಸರು. ಬಲ್ಲಕ್ಕ ಕಚೇರಿಗೆ ಒಂದು ವಾರ ರಜೆ ಹಾಕಿದಳು. ಅಲ್ಲಿದ್ದರೆ ಸಂಪಾದಕರು ಬರಿ ಎನ್ನುತ್ತಾರೆ, ಅವರು ಎಂದರೆ ತನ್ನ ಕೈ ತನ್ನ ಮಾತು ಕೇಳುವುದಿಲ್ಲ, ಅಷ್ಟು ಆಕೆಗೆ ತನ್ನ ಬಗ್ಗೆ ಗೊತ್ತಿತ್ತು. ಹಾಡಿನ ಸಂಜೆ ತಲೆಗೆ ಬಟ್ಟೆ ಸುತ್ತಿಕೊಂಡು, ಟಿಕೆಟ್ ಕೊಂಡು, ಮೇಲಿನ ಮಹಡಿಯ ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತಳು.

ಮಗಳು ವೇದಿಕೆಗೆ ಬಂದು ಯಾರನ್ನೂ ನೋಡದೆ ಕಣ್ಣು ಮುಚ್ಚಿದಳು. ಮೊದಲ ಸಾಲಿನಲ್ಲೇ 'ಸ' ಇತ್ತು. ಬಲ್ಲಕ್ಕ ಕುರ್ಚಿಯ ಹಿಡಿಕೆ ಬಿಗಿಹಿಡಿದಳು. ಏನೂ ಆಗಲಿಲ್ಲ. ಆ ಅಕ್ಷರ ಎಲ್ಲ ಅಕ್ಷರಗಳ ಹಾಗೆ ಬಂತು, ಹೋಯಿತು, ಹಾಡು ಮುಂದೆ ನಡೆಯಿತು. ಮಗಳ ಬಾಯಿಂದ ಇಷ್ಟು ಮಾತನ್ನು ಒಟ್ಟಿಗೆ ಬಲ್ಲಕ್ಕ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಅಳು ಬರಬೇಕಿತ್ತು. ಅಳುವಿನ ಬದಲು ತಲೆಯೊಳಗೆ ವಾಕ್ಯಗಳು ಬಂದವು, ಒಂದರ ಹಿಂದೊಂದು, ಒತ್ತು ದೀರ್ಘ ಸಮೇತ, ಅಚ್ಚಿಗೆ ಸಿದ್ಧವಾಗಿ. ಮಧ್ಯದ ಹಾಡಿನಲ್ಲಿ ಉಸಿರು ಸ್ವಲ್ಪ ಸಾಲಲಿಲ್ಲ ಎಂಬ ಟೀಕೆಯೂ ಬಂತು. ಆಕೆ ನಾಲಿಗೆ ಕಚ್ಚಿಕೊಂಡು ಕೂತಳು. ಮನೆಗೆ ಬಂದು ಒಂದಕ್ಷರವನ್ನೂ ಬರೆಯಲಿಲ್ಲ.

ಪತ್ರಿಕೆ ಬಂದಾಗ ಗಂಡ ಅದನ್ನು ಓದಿ, ಮಡಿಸಿ, ಮೇಜಿನ ಮೇಲಿಟ್ಟು ಹೊರಗೆ ಹೋದ. ಒಳಪುಟದ ಅರ್ಧ ತುಂಬ ಮಗಳ ಚಿತ್ರ. ಮೇಲೆ ದೊಡ್ಡದಾಗಿ: 'ಉಗ್ಗುತ್ತಿದ್ದ ಗಿಣಿ ಹಾಡಿದಳು'. ಬರೆದವನು ಉಪಸಂಪಾದಕ. ನಮ್ಮ ಓದುಗರ ಮನೆಮಗಳಾದ ಗಿಣಿಯನ್ನು ಯಾರು ಮರೆತಾರು ಎಂದು ಶುರುಮಾಡಿದ್ದ. ಪಕ್ಕದಲ್ಲಿ ಚೌಕಟ್ಟು ಹಾಕಿ ಹಳೆಯ ಅಂಕಣವನ್ನು ಪೂರ್ತಿ ಅಚ್ಚು ಹಾಕಿದ್ದರು, ಉಪ್ಪಿನ ಪೊಟ್ಟಣ ಹಿಡಿದು ನಿಂತ ಹುಡುಗಿಯ ರೇಖಾಚಿತ್ರದ ಜೊತೆಗೆ. ಬಲ್ಲಕ್ಕ ಕಚೇರಿಗೆ ಓಡಿದಳು. ಸಂಪಾದಕರು ನಗುನಗುತ್ತ ಎದ್ದು ನಿಂತು, ನೀವು ರಜೆಯಲ್ಲಿದ್ದಿರಲ್ಲ, ನಿಮಗೆ ತಿಳಿಯದ ಹಾಗೆ ಮಾಡೋಣ ಅಂತ ಕರಡನ್ನು ಬೇರೆಯವರಿಗೆ ಕೊಟ್ಟೆ, ಹೇಗಿದೆ ಎಂದರು. ಕಲೆಯ ಪುಟದ ಕರಡನ್ನು ಆಗಲೂ ಆಕೆಯೇ ನೋಡುತ್ತಿದ್ದುದು, ರಜೆ ಹಾಕಿರದಿದ್ದರೆ ಆ ಪುಟ ಆಕೆಯ ಕಣ್ಣು ದಾಟಿ ಹೋಗುತ್ತಿರಲಿಲ್ಲ. ಬಲ್ಲಕ್ಕ ಬಾಯಿಗೆ ಬಂದದ್ದು ಅಂದಳು. ಸಂಪಾದಕರ ಮುಖ ಬಾಡಿತು. ಅವರಿಗೆ ಕೊನೆಯವರೆಗೂ ತಮ್ಮ ತಪ್ಪು ಏನೆಂದು ಅರ್ಥವಾಗಲಿಲ್ಲ. ಇಷ್ಟು ವರ್ಷ ಇದನ್ನೇ ಆಕೆಯಿಂದ ಕೇಳಿ ಬರೆಸಿದವರಿಗೆ ಹೇಗೆ ಅರ್ಥವಾದೀತು.

ಅಲ್ಲಿಂದ ನೇರ ಮಗಳ ಕೋಣೆಗೆ ಹೋದಳು. ಕಿರಿದಾದ ಮೆಟ್ಟಿಲು, ಮೇಲೆ ಒಂದೇ ಕಿಟಕಿಯ ಕೋಣೆ, ಒಣಗಲು ಹಾಕಿದ ಬಟ್ಟೆ, ಮಂಚದ ಮೇಲೆ ತಂಬೂರಿಗೆ ಹೊದಿಸಿದ ಹಳೆಯ ಶಾಲು. ಮಗಳು ಬಾಗಿಲು ತೆರೆದು ಒಳಗೆ ಬಿಟ್ಟಳು. ಕೂರು ಎನ್ನಲಿಲ್ಲ.

'ನಾನು ಬರೀಲಿಲ್ಲ ಕಣೇ. ನನಗೆ ಗೊತ್ತೇ ಇರಲಿಲ್ಲ.'

'ಗೊತ್ತು. ರಜ ಹಾಕಿದ್ದೆ ಅಂತ ಅಪ್ಪ ಹೇಳಿದ್ರು.' ಮಾತು ಎಡವುತ್ತ ಬಂತು, ಆದರೆ ಬಳಸುದಾರಿ ಹಿಡಿಯಲಿಲ್ಲ. 'ಹಾಡು ಮುಗಿದ್ಮೇಲೆ ಒಬ್ಬಾಕೆ ಬಂದಿದ್ರು, ವಯಸ್ಸಾದವರು. ಕೈಗೆ ಸ… ಸಕ್ಕರೆ ಪೊಟ್ಟಣ ಕೊಟ್ರು. ಅಳ್ತಾ ಇದ್ರು. ಆಗ ಇನ್ನೂ ಪತ್ರಿಕೆ ಬಂದಿರಲಿಲ್ಲ.'

'ಪ್ರೀತಿಯಿಂದ ಕೊಟ್ಟಿರ್ತಾರೆ.'

'ಹೌದು. ಹಾಡು ಹೇಗಿತ್ತು ಅಂತ ಅವರು ಹೇಳಲಿಲ್ಲ.'

ಬಲ್ಲಕ್ಕ ಸುಮ್ಮನಿರಬೇಕಿತ್ತು. ಸುಮ್ಮನಿರುವುದು ಆಕೆಗೆ ಗೊತ್ತಿರಲಿಲ್ಲ. 'ಅದನ್ನ ಓದಿ ಎಷ್ಟು ತಾಯಂದಿರು ಮಕ್ಕಳನ್ನ ಹೊಡೆಯೋದು ಬಿಟ್ರು, ಗೊತ್ತಾ ನಿನಗೆ?'

'ಅವರ ಮಕ್ಕಳಿಗೆ ಒಳ್ಳೇದಾಯ್ತು,' ಎಂದಳು ಮಗಳು.

ಬಾಗಿಲು ಹಾಕಿಕೊಳ್ಳುವಾಗಲೂ ಜೋರಾಗಿ ಹಾಕಲಿಲ್ಲ. ಜೋರಾಗಿ ಹಾಕಿದ್ದರೆ ಎಷ್ಟೋ ವಾಸಿಯಿತ್ತು ಎಂದು ಬಲ್ಲಕ್ಕ ಮೆಟ್ಟಿಲಿಳಿಯುತ್ತ ಅಂದುಕೊಂಡಳು.

ಆಮೇಲೆ ಮಗಳು ಎಲ್ಲಿ ಹಾಡಿದರೂ ಗಿಣಿ ಬಂದಳು ಎನ್ನುವವರೇ. ಹಾಡು ಮುಗಿದ ಮೇಲೆ ಎರಡು ಮಾತಾಡಿ ಎಂದು ಒತ್ತಾಯಿಸುವರು, ಮಾತು ಎಡವಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮರುಗುವರು. ಅವಳು ಆ ಪತ್ರಿಕೆ ಓದದ ದೂರದ ಊರಿಗೆ ಹೋಗಿ ನೆಲೆಸಿದಳು. ಅಲ್ಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಹಾಡು ಕಲಿಸತೊಡಗಿದಳು, ದೊಡ್ಡ ವೇದಿಕೆಯ ಆಸೆ ಬಿಟ್ಟಳು. ಅವಳ ಮದುವೆಯಾದ ಸುದ್ದಿಯನ್ನು ಗಂಡ ಒಂದು ಬೆಳಿಗ್ಗೆ ಷೂ ಪಾಲಿಶ್ ಮಾಡುತ್ತ ಹೇಳಿದ. ತಾನು ಹೋಗಿಬಂದದ್ದನ್ನೂ ಹೇಳಿದ. ಹುಡುಗ ಹೇಗಿದ್ದಾನೆ ಎಂದು ಕೇಳಿದಳು ಬಲ್ಲಕ್ಕ. 'ಒಳ್ಳೆಯವನು' ಎಂದ. ಇನ್ನಷ್ಟು ಹೇಳಿ ಎಂದಳು. ಅವನು ಬ್ರಷ್ ನಿಲ್ಲಿಸಿ ಸ್ವಲ್ಪ ಯೋಚಿಸಿ, 'ಅಷ್ಟೇ' ಎಂದ.

ಆಕೆ ನಿವೃತ್ತಳಾದಾಗ ಅದೇ ಸಭಾಂಗಣದಲ್ಲಿ ಸನ್ಮಾನ ಮಾಡಿದರು. ಭಾಷಣಕ್ಕೆ ಬಂದವರೆಲ್ಲ ಉಪ್ಪು ಸಕ್ಕರೆಯ ಕಥೆಯನ್ನೇ ಹೇಳಿದರು, ಒಬ್ಬರು ಹೇಳುತ್ತ ಗದ್ಗದಿತರಾದರು. ಗ್ರಹಣದ ಬಗ್ಗೆ, ಜೇನುಹುಳುವಿನ ಬಗ್ಗೆ ಬರೆದದ್ದನ್ನು ಯಾರೂ ನೆನೆಯಲಿಲ್ಲ. ಪ್ರಕಾಶಕರೊಬ್ಬರು ಲೇಖನಗಳನ್ನು ಪುಸ್ತಕ ಮಾಡುತ್ತೇನೆಂದು ಮುಂದೆ ಬಂದರು. ಆ ಒಂದು ಅಂಕಣ ಬೇಡ ಎಂದಳು ಬಲ್ಲಕ್ಕ. ಅದಿಲ್ಲದಿದ್ದರೆ ಪುಸ್ತಕ ಯಾರಿಗೆ ಬೇಕು ಎಂದರು ಅವರು, ಮೆತ್ತಗೆ. ಹಾಗಾದರೆ ಪುಸ್ತಕವೇ ಬೇಡ ಎಂದಳು. ಜೀವಮಾನ ಕೂತು ಬರೆದದ್ದೆಲ್ಲ ಹಳೇ ಪತ್ರಿಕೆಗಳ ಜೊತೆ ರದ್ದಿಗೆ ಹೋಯಿತು. ಇದನ್ನು ಮಗಳಿಗೆ ತಿಳಿಸಿ ಎಂದು ಗಂಡನಿಗೆ ಹೇಳಿದಳು. ಅವನು ಫೋನಿನಲ್ಲಿ ತಿಳಿಸಿದ. ಏನಂದಳು ಎಂದು ಪಕ್ಕದಲ್ಲೇ ನಿಂತು ಕೇಳಿದಳು. 'ಹೌದಾ ಅಂದ್ಳು,' ಎಂದ ಗಂಡ. ಬಲ್ಲಕ್ಕ ಆ ದಿನ ಊಟ ಮಾಡಲಿಲ್ಲ. ಮಗಳ ಮೇಲೆ ಅಷ್ಟು ಸಿಟ್ಟು ಆಕೆಗೆ ಹಿಂದೆ ಬಂದಿರಲಿಲ್ಲ.

ಈಗಲೂ ಬರೆಯುತ್ತಾಳೆ. ಕಲ್ಲುಗಳ ಬಗ್ಗೆ, ಸಮುದ್ರದ ತಳದ ಬಗ್ಗೆ, ತಮ್ಮ ಬಗ್ಗೆ ಬರೆದದ್ದನ್ನು ಓದಲು ಬಾರದವುಗಳ ಬಗ್ಗೆ. ಒಂದೊಂದು ಸಲ ಯಾವುದೋ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ.

ಗಂಡನಿಗೆ ಎದೆನೋವು ಬಂದು ಹಾಸಿಗೆ ಹಿಡಿದಾಗ ಮಗಳು ಬಂದಳು, ಜೊತೆಗೆ ಅವಳ ಕೂಸು, ಆಗಷ್ಟೇ ಮಾತಿನ ಹೊಳೆ ಹರಿಯುವ ವಯಸ್ಸು. ಮಗಳು ತಾಯಿಗೆ ನಮಸ್ಕಾರ ಹೇಳಿದಳು, ಚೆನ್ನಾಗಿದ್ದೀಯಾ ಎಂದಳು. ಎಲ್ಲ ಕ್ರಮವಾಗಿಯೇ ನಡೆಯಿತು. ಬಲ್ಲಕ್ಕ ಕೂಸಿನ ಮುಂದೆ ಮಂಡಿಯೂರಿ ಕೂತು, ನಿನ್ನ ಹೆಸರೇನು ಎಂದು ಕೇಳಿದಳು. ಕೂಸು ತಾಯಿಯ ಮುಖ ನೋಡಿತು. ಬಸ್ಸಿನಲ್ಲಿ ಏನು ನೋಡಿದೆ ಎಂದು ಕೇಳಿದಳು. ಕೂಸು ತುಟಿಯನ್ನು ಒಳಕ್ಕೆ ಎಳೆದುಕೊಂಡಿತು. ಬಾಯಿಗೆ ಬೀಗ ಹಾಕಿಕೊಂಡಂತೆ.

'ಮಾತಾಡು ಪುಟ್ಟ, ನಾನು ಅಜ್ಜಿ.'

'ಅಜ್ಜಿ ಹತ್ರ ಮಾತಾಡಬಾರ್ದು,' ಎಂದಿತು ಕೂಸು, ವಿನಯವಾಗಿ, ಪಾಠ ಒಪ್ಪಿಸುವಂತೆ.

ಮಗಳ ಮುಖ ಕೆಂಪಾಯಿತು. ಹಾಗಲ್ಲ ಎಂದು ಏನೋ ಹೇಳಹೋಗಿ, ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು, ಬಿಟ್ಟುಬಿಟ್ಟಳು. ಬಲ್ಲಕ್ಕ ಮಂಡಿ ಹಿಡಿದುಕೊಂಡು ಎದ್ದಳು. ಚಹಾ ಮಾಡ್ತೀನಿ ಎಂದು ಅಡುಗೆಮನೆಗೆ ಹೋದಳು.

ಆಕೆ ಅತ್ತ ಹೋದದ್ದೇ ತಡ, ಕೂಸು ತಾತನ ಮಂಚ ಹತ್ತಿ ಕೂತಿತು. ಗೋಡೆಯ ಆಚೆಯಿಂದ ಎಲ್ಲವೂ ಕೇಳುತ್ತಿತ್ತು. ಬಸ್ಸಿನಲ್ಲಿ ಕಂಡ ನಾಯಿ, ಅದರ ಕುಂಟು ಕಾಲು, ನಾಯಿಗೂ ಟಿಕೆಟ್ ಇತ್ತೇ ಎಂಬ ವಿಚಾರ. ಕೂಸಿನ ಮಾತು ಎಲ್ಲೂ ಎಡವಲಿಲ್ಲ. ತಾತ ಏನೋ ಕೇಳಿದ, ಮಗಳು ನಕ್ಕಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ಬಲ್ಲಕ್ಕ ಕೇಳಿ ಬಹುಕಾಲವಾಗಿತ್ತು. ಆಕೆ ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಬಾಗಿಲಿನವರೆಗೆ ಬಂದು, ಕಪ್ಪು ಅಲುಗಿ ಸದ್ದಾಗದ ಹಾಗೆ ನಿಂತಳು. ಒಳಗೆ ಹೋದರೆ ಮಾತು ನಿಲ್ಲುತ್ತದೆ. ಚಹಾ ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ಗಂಡ ಕೂಗಿದ: 'ಏನೇ, ಚಹಾ ಆಯ್ತಾ?'

ಆಯ್ತು ಎಂದು ಒಳಗೆ ಹೋದಳು.